ಸುತ್ತೋಲೆಯಲ್ಲಿ ಹುಟ್ಟಿದ ಪರೀಕ್ಷೆಗೆ ಉತ್ತರ ಕೊಡಬೇಕಾದವರು ಯಾರು?

ಮಾನ್ಯ ಸಂಪಾದಕರೇ,

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಲ್ಲಿ ಶಿಕ್ಷಣ ಇಲಾಖೆಯ ಕಾಗದಗಳು ಓಡಾಡುವ ದಾರಿಯನ್ನು ಗಮನಿಸಬೇಕು. ಕಡೆಯ ಸ್ಥಾನದ ಜಿಲ್ಲೆಯ ಉಪನಿರ್ದೇಶಕರಿಗೆ ಬೆಂಗಳೂರಿನಿಂದ ವಿವರಣೆ ಕೇಳಿ ಪತ್ರ ಬರುತ್ತದೆ. ಅವರು ತಾಲ್ಲೂಕಿನ ಶಿಕ್ಷಣಾಧಿಕಾರಿಗಳಾದ ಬಿಇಒಗಳನ್ನು ಕೇಳುತ್ತಾರೆ, ಬಿಇಒಗಳು ಮುಖ್ಯ ಶಿಕ್ಷಕರನ್ನು, ಮುಖ್ಯ ಶಿಕ್ಷಕರು ಗಣಿತದ ಮೇಷ್ಟ್ರನ್ನು. ಆ ಗಣಿತದ ಹುದ್ದೆ ವರ್ಷವಿಡೀ ಖಾಲಿಯಿತ್ತು, ಅತಿಥಿ ಶಿಕ್ಷಕರು ಬಂದದ್ದೇ ತಡವಾಗಿ ಎಂದು ಶಾಲೆಯಿಂದ ಉತ್ತರ ಹೋದರೆ ಅದು ತಾಲ್ಲೂಕು ಕಚೇರಿಯ ಕಡತ ದಾಟಿ ಮೇಲೆ ಹೋಗುವುದು ಅಪರೂಪ. ಪ್ರಶ್ನೆ ಕೆಳಗಿಳಿಯುವಷ್ಟು ಸಲೀಸಾಗಿ ಉತ್ತರ ಮೇಲೇರುವುದಿಲ್ಲ. 5, 8, 9ನೇ ತರಗತಿಗಳ ಬೋರ್ಡ್ ಪರೀಕ್ಷೆಯ ಗದ್ದಲದಲ್ಲಿ ಎರಡು ಸರ್ಕಾರಗಳು ನಡೆದುಕೊಂಡ ರೀತಿಯನ್ನು ಈ ಹಿನ್ನೆಲೆಯಲ್ಲಿ ಮತ್ತೊಮ್ಮೆ ನೋಡುವ ಅಗತ್ಯವಿದೆ.

ಮೊದಲು ಘಟನೆಗಳ ಕ್ರಮ. 2022ರ ಡಿಸೆಂಬರ್‌ನಲ್ಲಿ, ಅಂದರೆ ಶೈಕ್ಷಣಿಕ ವರ್ಷ ಅರ್ಧಕ್ಕಿಂತ ಹೆಚ್ಚು ಮುಗಿದ ಮೇಲೆ, ಬಿ.ಸಿ. ನಾಗೇಶ್ ಸಚಿವರಾಗಿದ್ದಾಗ 5 ಮತ್ತು 8ನೇ ತರಗತಿಗೆ ರಾಜ್ಯ ಪರೀಕ್ಷಾ ಮಂಡಲಿಯ ಪ್ರಶ್ನೆಪತ್ರಿಕೆಯಲ್ಲೇ ಪರೀಕ್ಷೆ ಎಂದು ಸುತ್ತೋಲೆ ಹೊರಟಿತು. 2023ರ ಮಾರ್ಚ್ 10ರಂದು ಹೈಕೋರ್ಟಿನ ಏಕಸದಸ್ಯ ಪೀಠ ಅದನ್ನು ರದ್ದು ಮಾಡಿತು. ಐದೇ ದಿನದಲ್ಲಿ ವಿಭಾಗೀಯ ಪೀಠ ಆ ತೀರ್ಪಿಗೆ ತಡೆ ಕೊಟ್ಟು, ಯಾರನ್ನೂ ಫೇಲು ಮಾಡಬಾರದು, ಫಲಿತಾಂಶವನ್ನು ಬಹಿರಂಗವಾಗಿ ಪ್ರಕಟಿಸಬಾರದು ಎಂಬ ಷರತ್ತಿನ ಮೇಲೆ ಮಾರ್ಚ್ 27ರಿಂದ ಪರೀಕ್ಷೆ ನಡೆಸಲು ಬಿಟ್ಟಿತು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅಕ್ಟೋಬರ್‌ನಲ್ಲಿ ಮಧು ಬಂಗಾರಪ್ಪ ಅವರ ಇಲಾಖೆ ಅದೇ ಪರೀಕ್ಷೆಗೆ ಸಂಕಲನಾತ್ಮಕ ಮೌಲ್ಯಮಾಪನ-2 ಎಂಬ ಹೆಸರಿಟ್ಟು, 9 ಮತ್ತು 11ನೇ ತರಗತಿಗಳನ್ನೂ ಸೇರಿಸಿ ಅಧಿಸೂಚನೆ ತಂದಿತು. 2024ರ ಮಾರ್ಚ್ 6ರಂದು ಏಕಸದಸ್ಯ ಪೀಠ ಅದನ್ನೂ ರದ್ದು ಮಾಡಿತು, ಮರುದಿನವೇ ವಿಭಾಗೀಯ ಪೀಠ ತಡೆ ಕೊಟ್ಟಿತು. 11ರಂದು ಮಕ್ಕಳು ಪರೀಕ್ಷೆಗೆ ಕುಳಿತರು. 12ರಂದು ಸುಪ್ರೀಂ ಕೋರ್ಟ್ ಆ ತಡೆಯನ್ನು ತೆಗೆದುಹಾಕಿತು, ಉಳಿದ ಪತ್ರಿಕೆಗಳು ಅಲ್ಲಿಗೇ ನಿಂತವು. 22ರಂದು ವಿಭಾಗೀಯ ಪೀಠ ಸರ್ಕಾರದ ಪರ ಅಂತಿಮ ತೀರ್ಪು ಕೊಟ್ಟ ಮೇಲೆ 25ರಿಂದ ಉಳಿದವನ್ನು ಬರೆಸಿ ಮುಗಿಸಿದರು. ಏಪ್ರಿಲ್ 8ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೂ ಫಲಿತಾಂಶಕ್ಕೂ ತಡೆ ಹಾಕಿತು. ಇಷ್ಟಾದ ಮೇಲೂ ಅರ್ಧವಾರ್ಷಿಕ ಪರೀಕ್ಷೆಯನ್ನು ಬೋರ್ಡ್ ಮಾದರಿಯಲ್ಲಿ ನಡೆಸಲು ಹೋಗಿ, ಫಲಿತಾಂಶ ಪ್ರಕಟಿಸಕೂಡದು ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನಿಂದ ಮತ್ತೆ ಹೇಳಿಸಿಕೊಂಡದ್ದಾಯಿತು.

ಹತ್ತು ವರ್ಷದ ಮಗು ಒಂದು ಪತ್ರಿಕೆ ಬರೆದು ಮನೆಗೆ ಬಂದು, ನಾಳೆಯ ಪತ್ರಿಕೆ ಇದೆಯೋ ಇಲ್ಲವೋ ಎಂದು ಟಿವಿ ನೋಡಿ ತಿಳಿದುಕೊಳ್ಳಬೇಕಾಗಿ ಬಂದದ್ದಕ್ಕೆ ಯಾರೂ ಸದನದಲ್ಲಿ ನಿಂತು ವಿಷಾದ ಹೇಳಬೇಕಾಗಿ ಬರಲಿಲ್ಲ. ಪಕ್ಷ ಬದಲಾದರೂ ಕೆಲಸದ ಕ್ರಮ ಬದಲಾಗಲಿಲ್ಲ ಎಂಬುದೇ ಇಲ್ಲಿ ಮುಖ್ಯ.

2024ರ ಮಾರ್ಚ್ 6ರ ತೀರ್ಪಿನ ಆಧಾರ ಮಕ್ಕಳ ಮನಸ್ಸು, ಒತ್ತಡ ಇತ್ಯಾದಿ ಎಂದು ಹಲವರು ತಿಳಿದಿದ್ದಾರೆ. ಅದರ ತಿರುಳು ಕಾರ್ಯವಿಧಾನದ್ದು. ಕರ್ನಾಟಕ ಶಿಕ್ಷಣ ಕಾಯ್ದೆ, 1983ರ ಕಲಂ 145ರ ಪ್ರಕಾರ ನಿಯಮ ಮಾಡುವಾಗ ಕರಡನ್ನು ಮೊದಲೇ ಪ್ರಕಟಿಸಬೇಕು, ಆಮೇಲೆ ವಿಧಾನಮಂಡಲದ ಉಭಯ ಸದನಗಳ ಮುಂದೆ ಇಡಬೇಕು. ಲಕ್ಷಾಂತರ ಮಕ್ಕಳಿಗೆ ಹೊಸ ಪರೀಕ್ಷಾ ಪದ್ಧತಿ ತರುವಾಗ ಈ ದಾರಿ ಹಿಡಿದಿಲ್ಲ ಎಂದು ಏಕಸದಸ್ಯ ಪೀಠ ಹೇಳಿತು. ವಿಭಾಗೀಯ ಪೀಠ ಇದನ್ನು ಒಪ್ಪಲಿಲ್ಲ, ಅಧಿಸೂಚನೆ ಸಾಕು ಎಂದಿತು. ಕಾನೂನಿನ ತಕರಾರು ಏನೇ ಇರಲಿ, ಒಂದು ಪ್ರಶ್ನೆ ಉಳಿಯುತ್ತದೆ. ಮೊದಲ ಸುತ್ತಿನಲ್ಲಿ ಪೆಟ್ಟು ತಿಂದ ಮೇಲೆ, 2023ರ ಜುಲೈನ ಅಧಿವೇಶನದಲ್ಲೋ ಡಿಸೆಂಬರ್‌ನ ಬೆಳಗಾವಿ ಅಧಿವೇಶನದಲ್ಲೋ ಈ ನಿಯಮಗಳನ್ನು ಸದನದ ಮುಂದಿಟ್ಟು ಚರ್ಚೆ ಮಾಡಿಸಲು ಇದ್ದ ಅಡ್ಡಿ ಏನು? ಚರ್ಚೆಯಾದರೆ, ಈ ಪರೀಕ್ಷೆ ಏಕೆ, ಫಲಿತಾಂಶ ಇಟ್ಟುಕೊಂಡು ಏನು ಮಾಡುತ್ತೀರಿ ಎಂದು ಯಾರಾದರೂ ಕೇಳುತ್ತಿದ್ದರು. ಸುತ್ತೋಲೆಯನ್ನು ಹಾಗೆ ಕೇಳುವವರಿಲ್ಲ.

ಕೇಂದ್ರದ ಶಿಕ್ಷಣ ಹಕ್ಕು ಕಾಯ್ದೆಯಲ್ಲೂ ಒಂದು ತೊಡಕಿದೆ. 2019ರಲ್ಲಿ ತಿದ್ದುಪಡಿಯಾದ ಕಲಂ 16, 5 ಮತ್ತು 8ನೇ ತರಗತಿಯ ಕೊನೆಗೆ ನಿಯತ ಪರೀಕ್ಷೆ ಇರಬೇಕು ಎನ್ನುತ್ತದೆ. ಆದರೆ ಪ್ರಾಥಮಿಕ ಶಿಕ್ಷಣ, ಅಂದರೆ 8ನೇ ತರಗತಿ, ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸು ಮಾಡಬೇಕಾಗಿಲ್ಲ ಎನ್ನುವ ಕಲಂ 30 ಹಾಗೆಯೇ ಇದೆ. ಎರಡನ್ನೂ ಕೂಡಿಸಿ ಓದಿದರೆ ಪರೀಕ್ಷೆ ಇರಲಿ, ಅದು ಶಾಲೆಯದೇ ಆಗಿರಲಿ ಎಂಬ ಅರ್ಥವೇ ಸಹಜವಾಗಿ ಬರುತ್ತದೆ. ತಿದ್ದುಪಡಿಯಾದ ಕಲಂ 16ರಲ್ಲಿ ಇನ್ನೂ ಒಂದು ಮಾತಿದೆ, ಅದನ್ನು ಯಾರೂ ಎತ್ತುವುದಿಲ್ಲ. ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೆ ಹೆಚ್ಚುವರಿ ಪಾಠ ಹೇಳಿಕೊಟ್ಟು, ಫಲಿತಾಂಶ ಬಂದ ಎರಡು ತಿಂಗಳೊಳಗೆ ಮರುಪರೀಕ್ಷೆಗೆ ಅವಕಾಶ ಕೊಡಬೇಕು. ನಮ್ಮ ಕ್ಯಾಲೆಂಡರಿಗೆ ಇದನ್ನು ಹೊಂದಿಸಿ ನೋಡಿ. ಪರೀಕ್ಷೆ ಮಾರ್ಚ್ ಕೊನೆಗೆ, ಫಲಿತಾಂಶ ಏಪ್ರಿಲ್ ಎರಡನೇ ವಾರಕ್ಕೆ, ಬೆನ್ನಿಗೇ ಬೇಸಿಗೆ ರಜೆ, ಶಾಲೆ ಮತ್ತೆ ತೆರೆಯುವುದು ಮೇ ಕೊನೆಗೆ. ಆ ಎರಡು ತಿಂಗಳಲ್ಲಿ ಹೆಚ್ಚು ಪಾಲು ರಜೆಯೇ. ಅತಿಥಿ ಶಿಕ್ಷಕರ ಅವಧಿಯೂ ಶೈಕ್ಷಣಿಕ ವರ್ಷದ ಜೊತೆಗೇ ಮುಗಿದಿರುತ್ತದೆ. 5ರ ತನಕ ಮಾತ್ರ ಇರುವ ಕಿರಿಯ ಪ್ರಾಥಮಿಕ ಶಾಲೆಯ ಮಗು ಜೂನ್‌ನಲ್ಲಿ ಬೇರೆ ಊರಿನ ಶಾಲೆಯಲ್ಲಿರುತ್ತದೆ. ಹಾಗಾದರೆ ಹೆಚ್ಚುವರಿ ಪಾಠ ಹೇಳುವವರು ಯಾರು, ಎಲ್ಲಿ, ಯಾವ ಅನುದಾನದಲ್ಲಿ? ಪರೀಕ್ಷೆಯ ವೇಳಾಪಟ್ಟಿ ಹೊರಡಿಸಿದಷ್ಟೇ ಮುತುವರ್ಜಿಯಿಂದ ಇದಕ್ಕೂ ಒಂದು ವೇಳಾಪಟ್ಟಿ ಹೊರಟಿದ್ದರೆ ಸರ್ಕಾರದ ಉದ್ದೇಶದ ಬಗ್ಗೆ ಅನುಮಾನ ಬರುತ್ತಿರಲಿಲ್ಲ.

ಈಗ ಉತ್ತರಪತ್ರಿಕೆಯ ಒಳಗೆ ಇಣುಕೋಣ. 5ನೇ ತರಗತಿಯ ಗಣಿತದಲ್ಲಿ 402ರಿಂದ 178ನ್ನು ಕಳೆಯಿರಿ ಎಂಬ ಲೆಕ್ಕ ಇದೆ ಎಂದಿಟ್ಟುಕೊಳ್ಳಿ. ಸರಿಯುತ್ತರ 224. ಒಂದು ಮಗು 376 ಎಂದು ಬರೆಯುತ್ತದೆ. ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಿಂದ 2, 7ರಿಂದ 0, 4ರಿಂದ 1. ದಶಕ ತೆಗೆದುಕೊಳ್ಳುವ ಕಲ್ಪನೆಯೇ ಅದಕ್ಕೆ ಬಂದಿಲ್ಲ. ಇನ್ನೊಂದು ಮಗು 234 ಎಂದು ಬರೆಯುತ್ತದೆ. ಅದಕ್ಕೆ ದಶಕ ತೆಗೆದುಕೊಳ್ಳುವುದು ಗೊತ್ತು, ನಡುವೆ ಸೊನ್ನೆ ಬಂದಾಗ ಹತ್ತು ಒಂಬತ್ತಾಗುವುದನ್ನು ಮಾತ್ರ ಮರೆತಿದೆ. ಮೂರನೆಯದು ಜಾಗ ಖಾಲಿ ಬಿಟ್ಟಿದೆ. ಮೊದಲನೆಯ ಮಗುವಿಗೆ ಕಡ್ಡಿ ಕಟ್ಟು ಬಿಡಿಸಿ ಕೆಲವು ವಾರ ಕಲಿಸಬೇಕು. ಎರಡನೆಯದಕ್ಕೆ ಒಂದೆರಡು ಅವಧಿ ಸಾಕು. ಮೂರನೆಯದಕ್ಕೆ ಗಣಿತ ಬರುವುದಿಲ್ಲವೋ ಪ್ರಶ್ನೆಯನ್ನು ಓದಲು ಬರುವುದಿಲ್ಲವೋ ಎಂದು ಪಕ್ಕದಲ್ಲಿ ಕೂರಿಸಿಕೊಂಡು ನೋಡಬೇಕು. ಕೇಂದ್ರೀಕೃತ ಪರೀಕ್ಷೆಯಲ್ಲಿ ಮೂವರಿಗೂ ಸೊನ್ನೆ. ಪತ್ರಿಕೆ ತಿದ್ದುವವರು ಬೇರೆ ಶಾಲೆಯ ಶಿಕ್ಷಕರು, ಆ ಮಕ್ಕಳನ್ನು ಅವರು ನೋಡಿಯೇ ಇಲ್ಲ. ಮಗುವಿನ ಶಾಲೆಗೆ ಹಿಂದಿರುಗುವುದು ವಿಷಯವಾರು ಅಂಕವಷ್ಟೇ. 376 ಎಂಬ ಅತ್ಯಂತ ಬೆಲೆಬಾಳುವ ಮಾಹಿತಿ ಬಂಡಲಿನಲ್ಲೇ ಉಳಿದುಹೋಗುತ್ತದೆ. ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ (ಪಾಠದ ನಡುನಡುವೆ ಶಾಲೆಯೇ ನಡೆಸುವ ಕಿರುಪರೀಕ್ಷೆ) ಇರುವುದು ಇದನ್ನು ಹಿಡಿಯುವುದಕ್ಕೇ. ಅವುಗಳ ದಾಖಲೆ ತುಂಬುವುದೇ ಒಂದು ಕೆಲಸವಾಗಿ, ಬೋಧನೆಗೆ ಅದರಿಂದ ಏನೂ ಸಿಗದಂತಾಗಿದ್ದರೆ ರಿಪೇರಿ ಅಲ್ಲಿ ಆಗಬೇಕಿತ್ತು.

ಶಾಲೆಗಳನ್ನು ಶೇಕಡಾವಾರು ಫಲಿತಾಂಶದ ಮೇಲೆ ಅಳೆಯುವುದರ ಗೊಂದಲ ಇನ್ನೊಂದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ಕಡೆ ಒಂದು ತರಗತಿಯಲ್ಲಿ ಹತ್ತು ಹನ್ನೆರಡು ಮಕ್ಕಳು. 12ರಲ್ಲಿ 9 ಮಂದಿ ಪಾಸಾದರೆ ಶೇ 75, ಮರುವರ್ಷ 11 ಮಂದಿಯಾದರೆ ಶೇ 92. ಪತ್ರಿಕೆಯಲ್ಲಿ ಫೋಟೊ, ಮುಖ್ಯ ಶಿಕ್ಷಕರಿಗೆ ಶಾಲು. ಅದರ ಮುಂದಿನ ವರ್ಷ 7ಕ್ಕೆ ಇಳಿದರೆ ಶೇ 58, ಕೈಗೆ ನೋಟಿಸು. ಬೋಧನೆಯಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲದೆ, ಆ ವರ್ಷ ಬಂದ ಮಕ್ಕಳು ಯಾರು ಎಂಬುದರಿಂದಲೇ ಇಷ್ಟು ಏರಿಳಿತ ಆಗಬಹುದು. 12 ಮಕ್ಕಳ ತರಗತಿಯಲ್ಲಿ 25 ಶೇಕಡಾಂಶದ ಏರಿಳಿತ ಬರೀ ಆಕಸ್ಮಿಕವಾಗಿ ಬರುತ್ತದೆ ಎಂದು ಸಂಖ್ಯಾಶಾಸ್ತ್ರದ ಮೊದಲ ಪಾಠವೇ ಹೇಳುತ್ತದೆ.

ಎಸ್‌ಎಸ್‌ಎಲ್‌ಸಿಯ ಅಂಕಿಗಳನ್ನೇ ತೆಗೆದುಕೊಳ್ಳಿ. 2023ರಲ್ಲಿ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಇದು ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ, ಅದಕ್ಕೆ ಬೇಕಾದ ಕನಿಷ್ಠ ಅಂಕವನ್ನು ಶೇ 35ರಿಂದ 25ಕ್ಕೆ ಇಳಿಸಿದ ಮೇಲಿನ ಲೆಕ್ಕ. ಕೃಪಾಂಕ ಕೊಟ್ಟದ್ದಕ್ಕೆ ಮುಖ್ಯಮಂತ್ರಿಗಳೇ ಅಸಮಾಧಾನ ತೋರಿದರು, 2025ರಲ್ಲಿ ಅದನ್ನು ಹಿಂತೆಗೆದರು. ಆ ವರ್ಷದ ಪರೀಕ್ಷೆ-1ರ ಫಲಿತಾಂಶ ಶೇ 66.14 ಎಂದು ಘೋಷಣೆಯಾಯಿತು. ಅದು ಮೊದಲ ಸಲ ಬರೆದ ಶಾಲಾ ಅಭ್ಯರ್ಥಿಗಳದ್ದು ಮಾತ್ರ: 7,90,890 ಮಂದಿಯಲ್ಲಿ 5,23,075. ಪುನರಾವರ್ತಿತರು, ಖಾಸಗಿಯವರು ಎಲ್ಲರನ್ನೂ ಸೇರಿಸಿದರೆ 8,42,173ಕ್ಕೆ 5,24,984, ಅಂದರೆ ಶೇ 62.34. ಹಿಂದಿನ ವರ್ಷದ 73.40 ಎಲ್ಲರನ್ನೂ ಸೇರಿಸಿದ ಅಂಕಿ. ಅದರ ಪಕ್ಕ 66.14ನ್ನು ಇಟ್ಟು ಕುಸಿತ ಏಳು ಅಂಶ ಎಂದರೆ ಲೆಕ್ಕ ತಪ್ಪುತ್ತದೆ, ನಿಜವಾದ ಕುಸಿತ ಹನ್ನೊಂದು. ಮುಂದೆ ಉತ್ತೀರ್ಣತೆಯ ಮಟ್ಟವೇ ಶೇ 33ಕ್ಕೆ, 625ಕ್ಕೆ 206ಕ್ಕೆ ಇಳಿಯಿತು. ವಿಷಯವೊಂದರಲ್ಲಿ ಆಂತರಿಕ ಮತ್ತು ಲಿಖಿತ ಎರಡೂ ಸೇರಿ 30 ಇದ್ದರೆ ಆಯಿತು. ಆಂತರಿಕ 20ಕ್ಕೆ 20 ಬಿದ್ದ ಮಗುವಿಗೆ ಆ 30 ಮುಟ್ಟಲು 80ರ ಪತ್ರಿಕೆಯಲ್ಲಿ 10 ಸಾಕು. ಈ ನಿಯಮದ ಮೇಲೆ ಫಲಿತಾಂಶ ಏರಿದರೆ ಅದನ್ನು ಯಾರ ಸಾಧನೆ ಎನ್ನೋಣ? ನಾಲ್ಕು ವರ್ಷದಲ್ಲಿ ಕೊಠಡಿಯ ಕಾವಲು, ಕೃಪಾಂಕ, ಪಾಸಿನ ಗೆರೆ ಮೂರೂ ಬದಲಾದ ಪರೀಕ್ಷೆಯ ಅಂಕಿಯಿಂದ ಕಲಿಕೆ ಏರಿತೋ ಇಳಿಯಿತೋ ಹೇಳಲು ಯಾವ ಪಂಡಿತನಿಂದಲೂ ಆಗದು. ಮೊಳಕೋಲನ್ನೇ ವರ್ಷವರ್ಷ ಕತ್ತರಿಸಿ ಬಟ್ಟೆ ಉದ್ದವಾಯಿತು ಎಂದಂತೆ.

ಅಂಕಕ್ಕೇ ಬಹುಮಾನವನ್ನೂ ಶಿಕ್ಷೆಯನ್ನೂ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಟ್ಲಾಂಟಾ ನಗರ ಪಾಠವಾಗಿದೆ. ಅಲ್ಲಿ ಪರೀಕ್ಷಾ ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮ, ಮುಟ್ಟಿದವರಿಗೆ ಬೋನಸ್ ಇತ್ತು. 2009ರ ಉತ್ತರಪತ್ರಿಕೆಗಳಲ್ಲಿ ತಪ್ಪುತ್ತರವನ್ನು ಅಳಿಸಿ ಸರಿಯುತ್ತರ ಗುರುತಿಸಿದ ಗುರುತುಗಳು ಲೆಕ್ಕ ಮೀರಿ ಕಂಡವು. 2011ರ ತನಿಖಾ ವರದಿ 44 ಶಾಲೆಗಳ 178 ಶಿಕ್ಷಕರು ಮತ್ತು ಮುಖ್ಯ ಶಿಕ್ಷಕರ ಹೆಸರು ಹೇಳಿತು, 2015ರಲ್ಲಿ 11 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಆ ವ್ಯವಸ್ಥೆಯ ಕಾನೂನು ಮಾಡಿದ ಜನಪ್ರತಿನಿಧಿಗಳು ಯಾರೂ ಕಟಕಟೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಹಾಗೆಂದು ಕೋರ್ಟಿಗೆ ಹೋದ ಅನುದಾನರಹಿತ ಖಾಸಗಿ ಶಾಲೆಗಳ ಸಂಘಟನೆಗಳದ್ದು ಬರೀ ಮಕ್ಕಳ ಮೇಲಿನ ಕಾಳಜಿ ಎಂದೂ ನಂಬಬೇಕಾಗಿಲ್ಲ. ಎಲ್‌ಕೆಜಿಯಿಂದಲೇ ವಾರವಾರ ಟೆಸ್ಟ್ ಇಟ್ಟು, ಫ್ಲೆಕ್ಸ್‌ನಲ್ಲಿ ಅಂಕ ಹಾಕಿಸುವ ಶಾಲೆಗಳು ಪರೀಕ್ಷೆಯ ಒತ್ತಡದ ಬಗ್ಗೆ ಮಾತಾಡಿದರೆ ನಗು ಬರುತ್ತದೆ. ಆದರೆ ಅರ್ಜಿದಾರ ಯಾರೇ ಆಗಿರಲಿ, ಅವರು ಎತ್ತಿದ ಪ್ರಶ್ನೆ ಸರಿಯಾಗಿತ್ತು.

ಹಾಗಾದರೆ ಮಕ್ಕಳು ಕಲಿತಿದ್ದಾರೋ ಇಲ್ಲವೋ ಸರ್ಕಾರಕ್ಕೆ ತಿಳಿಯುವುದು ಬೇಡವೇ? ಖಂಡಿತ ಬೇಕು. ಅದಕ್ಕೆ ಎಲ್ಲ ಮಕ್ಕಳನ್ನೂ ಕೂರಿಸುವ ಅಗತ್ಯವಿಲ್ಲ. ಒಂದು ಶೈಕ್ಷಣಿಕ ಜಿಲ್ಲೆಯ 5ನೇ ತರಗತಿಯಲ್ಲಿ ಎಷ್ಟು ಪಾಲು ಮಕ್ಕಳಿಗೆ ಕಳೆಯುವ ಲೆಕ್ಕ ಬರುತ್ತದೆ ಎಂದು 5 ಶೇಕಡಾಂಶ ಆಚೀಚೆಯೊಳಗೆ ತಿಳಿಯಲು, ಚೀಟಿ ಎತ್ತಿ ಒಬ್ಬೊಬ್ಬರನ್ನೇ ಆರಿಸುವುದಾದರೆ 400 ಮಕ್ಕಳು ಸಾಕು. ಕಾರ್ಯತಃ ಶಾಲೆಗಳನ್ನು ಆರಿಸಿ ಅಲ್ಲಿಯ ಮಕ್ಕಳನ್ನು ಪರೀಕ್ಷಿಸಬೇಕಾಗುತ್ತದೆ. ಒಂದೇ ಮೇಷ್ಟ್ರ ಕೈಕೆಳಗಿನ ಮಕ್ಕಳ ಕಲಿಕೆಯಲ್ಲಿ ಹೋಲಿಕೆ ಇರುವುದರಿಂದ ಸಂಖ್ಯೆಯನ್ನು ಹೆಚ್ಚಿಸಬೇಕು. ಶಾಲೆಗೆ 20 ಮಕ್ಕಳಂತೆ, ಆ ಹೋಲಿಕೆಯನ್ನು ಸೊನ್ನೆಯಿಂದ ಒಂದರ ಅಳತೆಯಲ್ಲಿ 0.2 ಎಂದು ಹಿಡಿದರೆ (19ನ್ನು 0.2ರಿಂದ ಗುಣಿಸಿ 1 ಕೂಡಿಸಿ) 4.8 ಪಟ್ಟು: 1,920 ಮಕ್ಕಳು, 96 ಶಾಲೆ. 35 ಶೈಕ್ಷಣಿಕ ಜಿಲ್ಲೆಗೂ ಸೇರಿ 67,200. ಹತ್ತು ಹನ್ನೆರಡು ಪ್ರಶ್ನೆಗಳನ್ನು ಗುಟ್ಟಾಗಿ ಉಳಿಸಿಕೊಂಡು ಮುಂದಿನ ವರ್ಷವೂ ಅವನ್ನೇ ಕೇಳಬೇಕು, ಆಗಲೇ ಎರಡು ವರ್ಷಗಳ ಹೋಲಿಕೆಗೆ ಅರ್ಥ. ಪರೀಕ್ಷೆ ನಡೆಸಲು ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆಯಾದ ಡಯಟ್‌ನ ಪ್ರಶಿಕ್ಷಣಾರ್ಥಿಗಳನ್ನು ಕಳಿಸಿದರೆ ಶಾಲೆಯವರು ಹೇಳಿಕೊಟ್ಟರು ಎಂಬ ದೂರೂ ಇರದು. ಮಗುವಿನ ಹೆಸರು, ಶಾಲೆಯ ಹೆಸರು ಎರಡೂ ಹೊರಬರುವುದು ಬೇಡ. ಇದು ಹೊಸದೂ ಅಲ್ಲ, 2024ರ ಡಿಸೆಂಬರ್ 4ರಂದು ದೇಶದಾದ್ಯಂತ 3, 6, 9ನೇ ತರಗತಿಗೆ ನಡೆದ ಪರಖ್ ಸಮೀಕ್ಷೆ ಇಂಥ ಮಾದರಿ ಆಯ್ಕೆಯ ಮೇಲೆಯೇ ನಡೆದದ್ದು. ಇದನ್ನು ನವೆಂಬರ್ ಒಳಗೆ ಮುಗಿಸಿದರೆ ಫಲಿತಾಂಶ ನೋಡಿ ಅದೇ ವರ್ಷ ಏನಾದರೂ ಮಾಡಲು ನಾಲ್ಕು ತಿಂಗಳು ಉಳಿಯುತ್ತದೆ.

ಇಂಥ ಸಮೀಕ್ಷೆಯಲ್ಲಿ ರಾಜಕಾರಣಿಗೆ ಒಂದು ಕಷ್ಟವಿದೆ. ಫೇಲಾದ ಮಗುವಾಗಲಿ ಕಳಪೆ ಶಾಲೆಯಾಗಲಿ ಬೆರಳು ತೋರಿಸಲು ಸಿಗುವುದಿಲ್ಲ. ಸಿಗುವುದು ಜಿಲ್ಲೆಯ ಸ್ಥಿತಿ, ಜಿಲ್ಲೆಯ ಸ್ಥಿತಿಗೆ ಕಾರಣ ಕೇಳಿದರೆ ಹುದ್ದೆ ಮತ್ತು ಹಣದ ಮಾತು ಬರುತ್ತದೆ.

ಆದ್ದರಿಂದ ಫಲಿತಾಂಶದ ದಿನ ಜಿಲ್ಲಾವಾರು ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆಯೂ ಬಿಡುಗಡೆಯಾಗಲಿ. ಶಿಕ್ಷಣ ಹಕ್ಕು ಕಾಯ್ದೆಯ ಕಲಂ 26ರ ಪ್ರಕಾರ ಶಾಲೆಯಲ್ಲಿ ಖಾಲಿ ಹುದ್ದೆ ಮಂಜೂರಾದುದರ ಶೇ 10 ಮೀರಬಾರದು. ಪ್ರತಿ ತಾಲ್ಲೂಕಿನಲ್ಲೂ ಆ ಮಿತಿ ಮೀರಿದ ಶಾಲೆಗಳೆಷ್ಟು? 6ರಿಂದ 8ರ ತನಕ ವಿಜ್ಞಾನ-ಗಣಿತ, ಸಮಾಜ, ಭಾಷೆಗಳಿಗೆ ಒಬ್ಬೊಬ್ಬರಾದರೂ ಶಿಕ್ಷಕರಿರಬೇಕು ಎಂದು ಅದರ ಅನುಸೂಚಿ ಹೇಳುತ್ತದೆ. ಒಬ್ಬರೂ ಇಲ್ಲದ ವಿಷಯ ಎಷ್ಟು ಶಾಲೆಗಳಲ್ಲಿ, ಎಷ್ಟು ದಿನ? ಅತಿಥಿ ಶಿಕ್ಷಕರ ಆದೇಶ ಹೊರಟ ತಾರೀಖು ಯಾವುದು, ಪಠ್ಯಪುಸ್ತಕ ಶಾಲೆ ಮುಟ್ಟಿದ್ದು ಯಾವಾಗ? ಎಸ್‌ಡಿಎಂಸಿಗಳು (ಶಾಲಾಭಿವೃದ್ಧಿ ಸಮಿತಿಗಳು) ಶಾಲಾ ಅಭಿವೃದ್ಧಿ ಯೋಜನೆಯಲ್ಲಿ ಕೇಳಿದ್ದೆಷ್ಟು, ಬಂದದ್ದೆಷ್ಟು? ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ ಕಲಂ 27. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಹಚ್ಚಿ, ದಸರಾ ರಜೆಯನ್ನು ಅಕ್ಟೋಬರ್ 18ರ ತನಕ ಎಳೆದರು. ಸಮೀಕ್ಷೆ ಬೇಕಿತ್ತೋ ಬೇಡವೋ ಅದು ಬೇರೆ ಚರ್ಚೆ. ಹೋದ ಪಾಠದ ದಿನಗಳ ಲೆಕ್ಕ ಆ ಹಾಳೆಯಲ್ಲಿ ಇರಬೇಕು. 2025ರಲ್ಲಿ ದಕ್ಷಿಣ ಕನ್ನಡಕ್ಕೆ ಶೇ 91.12, ಕಲಬುರಗಿಗೆ ಶೇ 42.43 ಬಂದಾಗ ನಾವು ಓದಿದ್ದು ಆ ಎರಡು ಅಂಕಿಯನ್ನಷ್ಟೇ. ಎರಡನೇ ಹಾಳೆಯೂ ಇದ್ದಿದ್ದರೆ ನೋಟಿಸು ಯಾರಿಗೆ ಹೋಗಬೇಕೆಂದು ಓದುಗರೇ ತೀರ್ಮಾನಿಸುತ್ತಿದ್ದರು. ಈ ಮಾಹಿತಿ ಹೊಸದಾಗಿ ಸಂಗ್ರಹಿಸುವಂಥದ್ದೂ ಅಲ್ಲ, ಬಹುಪಾಲು ಬಿಇಒ ಕಚೇರಿಗಳಲ್ಲೇ ಇದೆ.

ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಶಿಕ್ಷಕರ ಕ್ಷೇತ್ರಗಳಿಗೇ ಮೀಸಲು. ವರ್ಗಾವಣೆ, ವೇತನ, ಪಿಂಚಣಿಯ ಪ್ರಶ್ನೆಗಳನ್ನು ಅಲ್ಲಿಂದ ಬಂದವರು ಬಿಡದೆ ಎತ್ತುತ್ತಾರೆ, ಎತ್ತಲೂಬೇಕು. ಬರುವ ಅಧಿವೇಶನದಲ್ಲಿ ಅವರಲ್ಲೊಬ್ಬರು ಸಚಿವರು ಸದನದಲ್ಲೇ ಮೌಖಿಕವಾಗಿ ಉತ್ತರಿಸಬೇಕಾದ ಒಂದು ಚುಕ್ಕೆ ಗುರುತಿನ ಪ್ರಶ್ನೆ ಹಾಕಲಿ: 2023 ಮತ್ತು 2024ರ ಈ ಬೋರ್ಡ್ ಪರೀಕ್ಷೆಗಳ ಪ್ರಶ್ನೆಪತ್ರಿಕೆ ಮುದ್ರಣ, ಸಾಗಣೆ, ಮೌಲ್ಯಮಾಪನ ಮತ್ತು ವಕೀಲರ ಶುಲ್ಕಕ್ಕೆ ಒಟ್ಟು ಎಷ್ಟು ಖರ್ಚಾಯಿತು, ಆ ಪತ್ರಿಕೆಗಳಲ್ಲಿ ಹಿಂದುಳಿದ ಎಷ್ಟು ಮಕ್ಕಳಿಗೆ, ಯಾವ ತಿಂಗಳಲ್ಲಿ, ಎಷ್ಟು ಅವಧಿ ಹೆಚ್ಚುವರಿ ಪಾಠ ನಡೆಯಿತು? ಉತ್ತರವನ್ನು ತಾಲ್ಲೂಕುವಾರು ಅನುಬಂಧದ ಸಮೇತ ಸದನದಲ್ಲಿ ಮಂಡಿಸುವಂತೆ ಕೇಳಲಿ.

— ನಿವೃತ್ತ ವಿಷಯ ಪರಿವೀಕ್ಷಕ, ಧಾರವಾಡ